ಟಿಟ್ಟಿಭ ಬರಿನೆಲದಲ್ಲಿ ಮೊಟ್ಟೆಯಿಡುವುದೇಕೆ

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಹಳ್ಳಕ್ಕೂ ಮಾತು ಬರುತ್ತಿತ್ತು, ಹಕ್ಕಿಗೂ ಬರುತ್ತಿತ್ತು.

ಭರಮಪ್ಪನೆಂಬ ರೈತನಿದ್ದ. ಅವನ ಎರೆಹೊಲದ ಅಂಚಿಗೆ ಹುಲ್ಲಿನ ಒಂದು ಪಟ್ಟಿ. ಆ ಹುಲ್ಲಿನೊಳಗೆ ಟಿಟ್ಟಿಭ ಹಕ್ಕಿ ಮೆತ್ತನೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತಿತ್ತು.

ಒಂದು ದಿನ ಪಕ್ಕದ ಹಳ್ಳ ಹೇಳಿತು: "ತಮ್ಮಾ ಭರಮಪ್ಪಾ, ಆ ಹುಲ್ಲಿನ ಪಟ್ಟಿ ಉಳಬ್ಯಾಡ. ಹಕ್ಕಿಗೆ ಬಿಟ್ಟಬಿಡು. ನಿನಗ ಆಗೋ ಲುಕ್ಸಾನು ನಾ ತುಂಬಿಕೊಡ್ತೀನಿ. ವರ್ಷಾ ಮಳಿಗಾಲಕ್ಕ ಮೆಕ್ಕಲು ಮಣ್ಣು ತಂದು ನಿನ್ನ ಹೊಲಕ್ಕ ಹಾಕ್ತೀನಿ."

"ಆತವ್ವಾ, ಮುಟ್ಟಂಗಿಲ್ಲ," ಎಂದ ಭರಮಪ್ಪ.

ಹಳ್ಳ ಮಾತಿಗೆ ತಪ್ಪಲಿಲ್ಲ. ವರ್ಷ ವರ್ಷವೂ ಮೆಕ್ಕಲು ತಂದಿತು. ಜೋಳ ಆಳೆತ್ತರ ಬೆಳೆಯಿತು. ತೆನೆಯ ಜೊತೆಗೆ ಆಸೆಯೂ ಬಲಿಯಿತು.

"ಸಾಲು ಮುಗಿದ ಮ್ಯಾಲೆ ಎತ್ತು ತಿರಗಾಕ ಜಾಗಾ ಬೇಕಲ್ಲ," ಎಂದು ಭರಮಪ್ಪ ತನಗೆ ತಾನೇ ಹೇಳಿಕೊಂಡ. ಎತ್ತುಗಳನ್ನು ಹುಲ್ಲಿನೊಳಗೆ ತಿರುಗಿಸಿದ. ಹುಲ್ಲು ತುಳಿತಕ್ಕೆ ಸಿಕ್ಕಿ ಹಾಳಾಯಿತು. ಹೇಗೂ ಹಾಳಾಯಿತಲ್ಲ ಎಂದು ಮರುವರ್ಷ ಅದನ್ನೂ ಉತ್ತ. ಆಗ ಎತ್ತು ತಿರುಗಲು ಮತ್ತೆ ಜಾಗ ಬೇಕಾಯಿತು. ಒಂದು ಸಾಲು, ಇನ್ನೊಂದು ಸಾಲು, ಮತ್ತೊಂದು ಸಾಲು. ಪಾಪ, ಎತ್ತುಗಳು ಏನನ್ನೂ ಕೇಳಿರಲಿಲ್ಲ!

ಟಿಟ್ಟಿಭ ಗೂಡನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿತು. ಕಡೆಗೆ ಉಳಿದದ್ದು ಚಾಪೆಯಗಲದ ಹುಲ್ಲು. ಅದರಲ್ಲಿ ನಾಲ್ಕು ಮೊಟ್ಟೆ.

"ಯಣ್ಣಾ, ಎಂಟ ದಿನ ತಡಿ. ಮರಿ ನಡಿಯಾಕ ಹತ್ತಿದ ಕೂಡ್ಲೆ ಹೋಗ್ತೀನಿ," ಎಂದು ಹಕ್ಕಿ ಬೇಡಿಕೊಂಡಿತು.

"ನೆಲದ ಹದ ಹೋದ್ರ ಮತ್ತ ಬರತೈತೇನು?" ಎಂದು ಭರಮಪ್ಪ ರಂಟೆ ಹೊಡೆದು ಅದನ್ನೂ ಉತ್ತ. ಮೊಟ್ಟೆ ಒಡೆದ ಸಣ್ಣ ಸದ್ದು ಅವನಿಗೆ ಕೇಳಿಸಿತು. ಆದರೂ ಎತ್ತು ನಿಲ್ಲಿಸಲಿಲ್ಲ.

ಆ ಮಳೆಗಾಲಕ್ಕೂ ಹಳ್ಳ ಮೆಕ್ಕಲು ಹೊತ್ತು ಬಂತು. "ಮರಿ ಎಷ್ಟಾದ್ವೋ ತಮ್ಮಾ?" ಎಂದು ಅಕ್ಕರೆಯಿಂದ ಕೇಳಿತು.

"ನಾಲ್ಕು," ಎಂದ ಭರಮಪ್ಪ, ತಲೆ ತಗ್ಗಿಸಿ. ಹಳ್ಳ ಅದನ್ನು ನಂಬಿ, ತಂದ ಮಣ್ಣನ್ನೆಲ್ಲ ಹೊಲಕ್ಕೆ ಹರಡಿತು. ಒಡೆದ ಚಿಪ್ಪುಗಳು ಅದರಡಿ ಮುಚ್ಚಿಹೋದವು.

ಮರುವರ್ಷ ಭರಮಪ್ಪ ಆ ಕಡೆಗೆ ರಂಟೆ ಒಯ್ಯಲಿಲ್ಲ. ಇಡೀ ಪಟ್ಟಿಯನ್ನು ಬೀಳು ಬಿಟ್ಟ. ಹುಲ್ಲು ಮೊಣಕಾಲುದ್ದ ಬೆಳೆಯಿತು. "ಬಾರವ್ವಾ, ಇನ್ನ ಮುಟ್ಟಂಗಿಲ್ಲ," ಎಂದು ಕೂಗಿ ಕೂಗಿ ಕರೆದ.

ಟಿಟ್ಟಿಭ ಬರಲಿಲ್ಲ. ರಂಟೆಗೆ ಬೇಡವಾದ ಕಲ್ಲುನೆಲ ಹುಡುಕಿಕೊಂಡು ಹೋಯಿತು.

ಅದಕ್ಕೇ ಮಗು, ಇಂದಿಗೂ ಟಿಟ್ಟಿಭ ಗೂಡಿಲ್ಲದೆ, ಬರಿನೆಲದ ಹರಳುಗಳ ನಡುವೆ ಮೊಟ್ಟೆಯಿಡುತ್ತದೆ. ನೀನು ಬರಿಗೈಯಲ್ಲಿ ಆ ಕಡೆ ಹೋದರೂ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತದೆ; ಏನೂ ಮಾಡುವುದಿಲ್ಲ ಎಂದು ನೀನೆಷ್ಟು ಹೇಳಿದರೂ ಅದು ನಂಬುವುದಿಲ್ಲ.