ಬಾವಿಯ ಆಚೆ ಮಗ್ಗುಲು

"ದೇವರನ್ನೇ ನಂಬದವನು ಒಳ್ಳೆಯವನಾಗೋಕೆ ಹೇಗೆ ಸಾಧ್ಯ ಮೇಷ್ಟ್ರೇ?"

ಕೇಳಿದವನು ಚೌರಪ್ಪ. ಚರ್ಚಿನ ಜಗಲಿಯಲ್ಲಿ ಇನ್ನಾಸಪ್ಪ ಮೇಷ್ಟ್ರ ಹತ್ತಿರ ಜ್ಞಾನೋಪದೇಶ ಕಲಿಯುವವರಲ್ಲಿ ಇವನೇ ಮುಂದು, ಅದು ಇವನಿಗೂ ಗೊತ್ತು. ಇವನ ತಲೆನೋವು ಊರಿನ ಕಾಂಪೌಂಡರ್ ತಿರುಮಲಯ್ಯ. ದೇವರೂ ಇಲ್ಲ ದಿಂಡರೂ ಇಲ್ಲ, ಮನುಷ್ಯನಿಗೆ ಮನುಷ್ಯನೇ ದಿಕ್ಕು ಅನ್ನುವ ಆಸಾಮಿ. ಊರೆಲ್ಲ ಅವನನ್ನೇ ಹೊಗಳುತ್ತದೆ.

"ಮೂರು ತಿಂಗಳಿಂದ ಅವನನ್ನೇ ನೋಡ್ತಾ ಇದೀನಿ. ಎಲ್ಲೋ ಒಂದು ಹುಳುಕು ಇರಲೇಬೇಕು. ಸಿಗ್ತಾ ಇಲ್ಲ."

ಮೇಷ್ಟ್ರು ಒಂದು ಚಿಟಿಕೆ ನಶ್ಯ ಏರಿಸಿ, ಸೀನಿ, ಕತೆ ಶುರುಮಾಡಿದರು.

ಒಂದೂರಲ್ಲಿ ಬಾವಿ ತೋಡಿದರು. ಎಂಥ ಬಾವಿ! ಬೆಳಿಗ್ಗೆ ಕಲ್ಲು ಹಾಕಿದರೆ ಊಟದ ಹೊತ್ತಿಗೆ ಡುಬುಕ್ ಅನ್ನಬೇಕು.

"ಅಷ್ಟು ಆಳ ಎಲ್ಲಾದ್ರೂ ಇರುತ್ತಾ ಮೇಷ್ಟ್ರೇ?"

"ನೀನು ಇಳಿದು ನೋಡಿದೀಯಾ? ಇಲ್ಲ ತಾನೇ. ಸುಮ್ನೆ ಕೇಳು."

ಒಳಗೋಡೆ ಕಟ್ಟಲು ಇಬ್ಬರು ಬಂದರು. ಒಬ್ಬ ಭಕ್ತ, ಕ್ರಿಸ್ತನ ಹೆಸರು ಹೇಳದೆ ಸುತ್ತಿಗೆ ಎತ್ತುವವನಲ್ಲ. ಇನ್ನೊಬ್ಬ ನಾಸ್ತಿಕ. ಪೂರ್ವದ ಅರ್ಧ ಭಕ್ತನಿಗೆ, ಪಶ್ಚಿಮದ ಅರ್ಧ ನಾಸ್ತಿಕನಿಗೆ. ಯಾರ ಮಗ್ಗುಲು ಗಟ್ಟಿಯೋ ಅವನ ಗುರುತನ್ನು ಬಾವಿಕಟ್ಟೆಯ ಮೇಲೆ ಕೆತ್ತಬಹುದು ಎಂದರು ಊರವರು. ಭಕ್ತನಿಗೆ ಅಲ್ಲಿ ಶಿಲುಬೆ ಕೆತ್ತಬೇಕು. ಬೇರೆ ಆಸೆಯೇ ಇಲ್ಲ.

ಬಾವಿಗೋಡೆಯ ಗಟ್ಟಿತನವೆಲ್ಲ ಕಲ್ಲಿನ ಹಿಂದಿದೆ. ಮಣ್ಣಿಗೂ ಕಲ್ಲಿಗೂ ನಡುವಿನ ಸಂದಿಗೆ ಚಕ್ಕೆಕಲ್ಲು ಬಡಿದು ತುಂಬಬೇಕು. ತುಂಬದೆ ಬಿಟ್ಟರೂ ಮಳೆಗಾಲದವರೆಗೆ ಯಾರಿಗೂ ತಿಳಿಯದು.

"ನಾನು ತುಂಬ್ತೀನಿ, ಯಾಕಂದ್ರೆ ದೇವರಿಗೆ ಕಾಣುತ್ತೆ. ನಿನಗೆ ಯಾರ ಭಯ?" ಎಂದ ಭಕ್ತ.

"ನಾಳೆ ಹೂಳೆತ್ತೋಕೆ ಯಾರೋ ಇಳೀತಾರಪ್ಪ. ಅವರ ತಲೆ ಮೇಲೆ ಕಲ್ಲು ಬೀಳಬಾರದು. ಮೊದಲ ಕೊಡ ನೀರು ಮೇಲೆ ಬರೋದು ಕಂಡ್ರೆ ನನ್ನ ಜನ್ಮ ಸಾರ್ಥಕ. ನಿಂದೇನು? ಸ್ವರ್ಗ ಇಲ್ಲ ಅಂದ್ರೆ ನಾಳೆಯಿಂದ ಚಕ್ಕೆ ಬಡಿಯಲ್ವಾ?"

ಭಕ್ತ ಸುತ್ತಿಗೆ ಕೆಳಗಿಟ್ಟು ಯೋಚಿಸಿದ. "ಬಡೀತೀನಿ. ಆದ್ರೆ ಇಷ್ಟು ಆಳದಲ್ಲಿ ಯಾರ ಜೊತೆ ಮಾತಾಡ್ಕೊಂಡು ಬಡೀಲಿ?"

"ಎದುರಿಗೆ ನಾನಿಲ್ವೇನೋ!" ಎಂದು ನಾಸ್ತಿಕ ನಕ್ಕ.

ಕೆಲಸ ಮುಗಿಯಿತು. ಊರವರು ಹಾರೆಯಿಂದ ಬಡಿದು ನೋಡಿದರು. ಎರಡೂ ಕಡೆ ಒಂದೇ ಸದ್ದು. ತೀರ್ಮಾನವನ್ನು ಭಾನುವಾರಕ್ಕೆ ಇಟ್ಟುಕೊಂಡರು.

ಭಕ್ತನಿಗೆ ಅನ್ನ ಸೇರಲಿಲ್ಲ. ದೇವರಿಲ್ಲದವನ ಗೋಡೆಯಲ್ಲಿ ಟೊಳ್ಳು ಇರಲೇಬೇಕು. ಶನಿವಾರ ಮಧ್ಯಾಹ್ನ, ಊರು ಉಂಡು ಒರಗಿದ್ದಾಗ, ಹಾರೆ ಹಿಡಿದು ಬಾವಿಗೆ ಇಳಿದ. ಪಶ್ಚಿಮದ ಗೋಡೆಯ ಒಂದು ಕಲ್ಲು ಮೀಟಿ ತೆಗೆದ. ಹಿಂದೆ ಚಕ್ಕೆ ಬಿಗಿಯಾಗಿ ಕೂತಿತ್ತು. ಇದೊಂದನ್ನ ಎಲ್ಲೋ ಮನಸ್ಸಿಟ್ಟು ಮಾಡಿದಾನೆ ಅಂದುಕೊಂಡ. ಎರಡನೆಯದನ್ನು ಕಿತ್ತ. ಅದೂ ಬಿಗಿ. ಐದು ಕಿತ್ತ, ಎಂಟು ಕಿತ್ತ. ಕಿತ್ತಷ್ಟೂ ಸಿಟ್ಟು ಏರಿತು. ಹನ್ನೊಂದನೆಯ ಕಲ್ಲು ಕೈಗೆ ಬಂತು, ಅದರ ಹಿಂದೆ ಗೋಡೆಯೂ ಬಂತು. ಆ ಸದ್ದಿಗೆ ಮೂರು ಹೋಬಳಿಯ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿದವು. ಹಾರೆ ಕಲ್ಲಿನಡಿ ಮುಚ್ಚಿಹೋಯಿತು. ಭಕ್ತ ಸೊಂಟದವರೆಗೆ ಹೂತುಹೋದ.

ಮೇಲಿಂದ ಇನ್ನೂ ಕಲ್ಲು ಉದುರುತ್ತಿತ್ತು. ಊರವರು ಅಂಚಿನಲ್ಲೇ ನಿಂತರು. ಹಗ್ಗ ಕಟ್ಟಿಕೊಂಡು ಇಳಿದವನು ನಾಸ್ತಿಕ ಒಬ್ಬನೇ. ಸತ್ತರೆ ಆಚೆಗೆ ಏನೂ ಇಲ್ಲ ಎಂದು ತಿಳಿದವನು ಇಳಿದ. ಬರಿಗೈಯಲ್ಲಿ ಕಲ್ಲು ಸರಿಸಿ, ಭಕ್ತನನ್ನು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದ.

ಭಕ್ತ ತನ್ನ ಗೋಡೆ ನೋಡಲು ಇಳಿದಿದ್ದ, ಆಚೆಯದು ಮೈಮೇಲೆ ಬಿತ್ತು ಎಂದೇ ಎಲ್ಲರೂ ತಿಳಿದರು. "ನಾಸ್ತಿಕನ ಗೋಡೆ ಬಿದ್ದೋಯ್ತು! ಕೆತ್ತಪ್ಪಾ ನಿನ್ನ ಶಿಲುಬೆ!" ಎಂದು ಉಳಿ ತಂದು ಭಕ್ತನ ಕೈಗೇ ಕೊಟ್ಟರು. ನಾಸ್ತಿಕ ರಕ್ತ ಸುರಿಯುವ ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತಿದ್ದ. ಎಲ್ಲಿ ತಪ್ಪಿದೆ ಎಂದು ಅವನಿಗೆ ಹೊಳೆಯಲಿಲ್ಲ. ಭಕ್ತ ಸುಮ್ಮನಿದ್ದರೆ ಸಾಕಿತ್ತು.

ಭಕ್ತ ಉಳಿಯನ್ನು ನಾಸ್ತಿಕನ ಮುಂದಿಟ್ಟ. "ಗೋಡೆ ತಾನಾಗಿ ಬೀಳಲಿಲ್ಲ. ಹನ್ನೊಂದು ಕಲ್ಲು ನಾನೇ ಕಿತ್ತೆ. ಒಂದರ ಹಿಂದೆಯೂ ಟೊಳ್ಳು ಇರಲಿಲ್ಲ."

ಚೌರಪ್ಪ ಎದೆಯುಬ್ಬಿಸಿದ. "ನೋಡಿದ್ರಾ ಮೇಷ್ಟ್ರೇ! ಕೈಗೆ ಬಂದಿದ್ದನ್ನೂ ಬಿಟ್ಟು ನಿಜ ಹೇಳ್ದ. ನಮ್ಮವನು ಅಂದ್ರೆ ನಮ್ಮವನೇ!"

ಮೇಷ್ಟ್ರೂ ಎದೆಯುಬ್ಬಿಸಿದರು.

"ಹೂಂ ಕಣೋ, ನಮ್ಮವನು ಹನ್ನೊಂದನೇ ಕಲ್ಲಿಗೆ ಒಪ್ಕೊಂಡ, ಕಾಂಪೌಂಡರ್ ಗೋಡೇಲಿ ನೀನೀಗ ಎಷ್ಟನೇದು ಕೀಳ್ತಾ ಇದೀಯ?"