ತಡಿಯೋ ದಿಣ್ಣೆ

ನಮ್ಮ ಬೋರೆಯಡಿಗೆ ಬಂದವರು ಮೊದಲು ನೋಡುವುದು ಊರನ್ನಲ್ಲ, ಪಡುವಣಕ್ಕೆ ಗೋಡೆ ಎಬ್ಬಿಸಿದಂತೆ ನಿಂತ ಕರಿಬೋರೆ ಎಂಬ ಗುಡ್ಡವನ್ನು. ಇಷ್ಟು ನೆಟ್ಟಗಿನ ಗುಡ್ಡವನ್ನು ಸುತ್ತಲ ಏಳೂರಿನವರು ತೋರಿಸಲಿ, ಮೀಸೆ ಬೋಳಿಸುತ್ತೇನೆ. ಬೇರೆ ಊರುಗಳಲ್ಲಿ ಬಿಸಿಲಿರುವಾಗಲೇ ನಮ್ಮ ದನಗಳು ಕೊಟ್ಟಿಗೆ ಸೇರಿರುತ್ತವೆ. ಗುಡ್ಡದ ತೆಂಕಣ ಮೂಲೆಯನ್ನು ಬಳಸಿ ಹೋದರೆ, ಬಯಲು ತೆರೆದುಕೊಳ್ಳುವ ಕಡೆ ಒಂದು ಕಲ್ಲುದಿಣ್ಣೆ ಇದೆ. ಅದರ ಹೆಸರು ತಡಿಯೋ ದಿಣ್ಣೆ. ಹೆಸರು ಕೇಳಿ ನಗುವವರುಂಟು. ಕತೆ ಕೇಳಿದ ಮೇಲೂ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ, ಆ ಬಯಲಿನಲ್ಲಿ ಪಾಳೇಗಾರನ ಕೋಟೆ ಇದ್ದಾಗ, ನಮ್ಮೂರ ಜುಂಜ ಅವನ ಲಾಯದಲ್ಲಿ ಕುದುರೆ ಪಳಗಿಸುತ್ತಿದ್ದ. ಅಂಥ ಕೈ ಮತ್ತೆ ಹುಟ್ಟಲಿಲ್ಲ ಎನ್ನುತ್ತಾರೆ. ಒಂದು ದಿನ ಪಾಳೇಗಾರನ ಪಟ್ಟದ ಕುದುರೆ ಹಗ್ಗ ಕಿತ್ತು ಓಡಿತು. ಜುಂಜನೇ ಮಾರಿಕೊಂಡನೆಂದು ಅವನನ್ನು ಸೆರೆಯಲ್ಲಿಟ್ಟರು. ಅಮಾವಾಸ್ಯೆ ಕಳೆದು ಮೊದಲು ಚಂದ್ರ ಕಾಣುವ ಸಂಜೆ, ಆ ಚಂದ್ರ ಮುಳುಗುವುದರೊಳಗೆ ಕುದುರೆ ಬಂದರೆ ಬಿಡುಗಡೆ, ಇಲ್ಲವಾದರೆ ತಲೆ ಹೋಯಿತು ಎಂದು ಪಾಳೇಗಾರ ಹೇಳಿ ಕಳುಹಿಸಿದ. ಜುಂಜನ ಹೆಂಡತಿ ಈರಕ್ಕ ಬೋರೆಯ ಪೊದೆಪೊದೆಯನ್ನೂ ಹುಡುಕಿ, ಅಮಾವಾಸ್ಯೆಯ ಮಾರನೆಯ ದಿನ ಕುದುರೆಯನ್ನು ಹಿಡಿದೇಬಿಟ್ಟಳು. ಆದರೆ ಅದರ ಮುಂಗಾಲು ಊದಿ ಕುಂಟುತ್ತಿತ್ತು.

"ಈಗಲೇ ಹೊರಡ್ತೀನಿ ಗೌಡ್ರೆ" ಎಂದಳು.

"ಸಾಯಿಸ್ತೀಯೇನವ್ವ ಕುದುರೇನಾ?" ಎಂದ ಊರಗೌಡ. "ಅಮಾಸೆ ಕಳೆದು ಮೂರನೇ ಸಂಜೆಗಲ್ವ ಚಂದ್ರ ಕಾಣೋದು? ನಮ್ಮಜ್ಜನ ಕಾಲದಿಂದ ಒಂದಿನ ಹೆಚ್ಚುಕಮ್ಮಿ ಆಗಿಲ್ಲ. ಸೊಪ್ಪು ಕಟ್ಟು. ನಾಳೆ ಮಧ್ಯಾಹ್ನದ ಮೇಲೆ ಮೆಲ್ಲಗೆ ನಡೆಸ್ಕೊಂಡು ಹೋಗು."

ಗೌಡ ಸುಳ್ಳು ಹೇಳಲಿಲ್ಲ. ಊರಲ್ಲಿ ಪಂಚಾಂಗವಿರಲಿಲ್ಲ; ಕಣ್ಣಿಗೆ ಕಂಡದ್ದೇ ತಿಥಿ. ಮರುದಿನ ಈರಕ್ಕ ಹೊರಟಳು. ಕುದುರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಇನ್ನೂ ಒಂದು ಹಗಲು ಕೈಲಿದೆಯೆಂದು ಅವಳು ಅವಸರ ಮಾಡಲಿಲ್ಲ. ಹೊತ್ತು ಮುಳುಗುವ ವೇಳೆಗೆ ದಿಣ್ಣೆ ಹತ್ತಿದಳು. ಎದುರಿಗೆ, ಬಯಲಿನ ಅಂಚಿನಲ್ಲಿ, ಉಗುರು ಕತ್ತರಿಸಿ ಎಸೆದಂತೆ ಚಂದ್ರ ಕಂಡ.

ಎರಡನೇ ಸಂಜೆಯ ಚಂದ್ರ ಸೂರ್ಯನ ಬೆನ್ನಿಗೇ ಇಳಿದುಬಿಡುತ್ತಾನೆ. ದಿನದಿನಕ್ಕೆ ಸೂರ್ಯನಿಂದ ದೂರ ಸರಿಯುತ್ತ, ದಪ್ಪವಾಗುತ್ತ, ಹೆಚ್ಚು ಹೊತ್ತು ನಿಲ್ಲುತ್ತಾನೆ. ಬಯಲಿನವರಿಗೆ ಬಿದಿಗೆಯಂದೇ ಕಂಡವನು ನಮ್ಮ ಬೋರೆಯ ತಲೆ ದಾಟಿ ಇಣುಕುವುದು ತದಿಗೆಗೆ. ಇದು ಈರಕ್ಕನಿಗೆ ತಿಳಿದದ್ದು ಅಲ್ಲಿ, ಆಗ. ಕೋಟೆ ಇನ್ನೂ ಒಂದು ಹರದಾರಿ ಇತ್ತು. ಕುದುರೆ ಬಿಟ್ಟು ಓಡಿದರೆ ಬರಿಗೈಯನ್ನು ನಂಬುವವರಾರು? ಎಳೆದಳು, ಹೊಡೆದಳು, ಕಾಲು ಹಿಡಿದು ಬೇಡಿಕೊಂಡಳು. ಕುದುರೆ ಮಲಗಿಬಿಟ್ಟಿತು. ಆಗ ಚಂದ್ರನಿಗೇ ಕೂಗಿದಳಂತೆ: "ತಡಿಯೋ ನಮ್ಮಪ್ಪ, ಒಂದು ಗಳಿಗೆ ತಡಿಯೋ!" ಅವನು ಇಳಿಯುತ್ತಲೇ ಹೋದ. ಕೊನೆಯ ತುದಿಯೂ ಮರೆಯಾದಾಗ ಕೋಟೆಯಿಂದ ನಗಾರಿ ಕೇಳಿಸಿತು.

ಮಾರನೆಯ ಸಂಜೆ ಬೋರೆಯ ನೆತ್ತಿಯ ಮೇಲೆ ಚಂದ್ರನನ್ನು ಕಂಡು ಊರೆಲ್ಲ ಕುಣಿಯಿತು. ಜುಂಜ ಬಂದೇಬಿಟ್ಟನೆಂದು ಅವನ ಮನೆಯ ಮುಂದೆ ನೀರು ಹಾಕಿ ರಂಗೋಲೆ ಬಿಟ್ಟಿದ್ದರು. ಆ ರಂಗೋಲೆ ತುಳಿದುಕೊಂಡು ಈರಕ್ಕ ಒಬ್ಬಳೇ ಒಳಗೆ ಹೋದಳು ಎನ್ನುತ್ತಾರೆ.

ಈಗಲೂ ಬಿದಿಗೆಯಂದು ಬಂದವರು ನೋಡಬಹುದು. ಊರಲ್ಲಿ ನಿಂತರೆ ಚಂದ್ರನಿಲ್ಲ. ದಿಣ್ಣೆಗೆ ನಡೆದರೆ ಇದ್ದಾನೆ. ಬೇರೆ ಊರಿನವರು ಅವನಿಗೆ ಕೈ ಮುಗಿಯುತ್ತಾರೆ. ನಮ್ಮವರು ಮುಗಿಯುವುದಿಲ್ಲ, ಬರುವ ಗಾಡಿಯನ್ನು ನಿಲ್ಲಿಸುವವರಂತೆ ಅಂಗೈ ಎತ್ತಿ ಹಿಡಿಯುತ್ತಾರೆ. ನಾನೂ ಎತ್ತಿದ್ದೇನೆ. ತೋಳು ಸೋತಿದೆ, ಅವನು ಮಾತ್ರ ನಿಂತದ್ದಿಲ್ಲ.