ಕಾಳವ್ವ ಮಾಡಿದ ಮಡಚು ಚೂರಿ

ಬಾ ಕಂದಾ, ಕಾಲು ಒಳಗೆ ಎಳ್ಕೊ, ಕೌದಿ ಎದೆಮಟ್ಟ ಹೊದ್ಕೊ. ತಲೆ ನನ್ನ ತೊಡೆ ಮೇಲಿಡು. ಕಣ್ಣು ಬೇಕಾದ್ರೆ ಮುಚ್ಚು, ಕಿವಿ ಮಾತ್ರ ತೆರೆದಿಟ್ಕೊ, ಹೂಂ ಅನ್ನೋದು ಬಿಡಬೇಡ. ನೀನು ಹೂಂ ಅನ್ನದಿದ್ರೆ ಕತೆ ನಡುದಾರಿಯಲ್ಲೇ ಕೂತುಬಿಡುತ್ತೆ, ಆಮೇಲೆ ಎಬ್ಬಿಸೋದು ಕಷ್ಟ.

ಒಂದಾನೊಂದು ಕಾಲದಲ್ಲಿ, ಕುರಿಮಂದೆ ತುಳಿದದ್ದೇ ಊರಿಂದೂರಿಗೆ ದಾರಿಯಾಗಿದ್ದ ಕಾಲದಲ್ಲಿ, ಮೌನಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಹೆಸರಷ್ಟೇ ಮೌನ, ಬಾಯಿ ಅವನ ಸುತ್ತಿಗೆಗಿಂತ ಜೋರು. ಅವನಿಗೆ ಮೂರು ಮಕ್ಕಳು. ದೊಡ್ಡವನು ವೀರಾಚಾರಿ, ನಡುವಿನವನು ಸಿದ್ದಾಚಾರಿ, ಕಿರಿಯವಳು ಕಾಳವ್ವ. ಗಂಡುಮಕ್ಕಳು ಸುತ್ತಿಗೆ ಹಿಡಿಯೋರು, ಕಾಳವ್ವ ಕುಲುಮೆ ಮುಂದೆ ಕೂತು ತಿದಿ ಒತ್ತೋಳು. ತಿದಿ ಅಂದ್ರೆ ಬೆಂಕಿಗೆ ಗಾಳಿ ಊದೋ ತೊಗಲಿನ ಚೀಲ ಕಂದಾ. ಒತ್ತಿ ಒತ್ತಿ ಅವಳ ತೋಳು ಅಣ್ಣಂದಿರ ತೋಳಿಗಿಂತ ಗಟ್ಟಿಯಾಗಿತ್ತಂತೆ. ಕಣ್ಣು ಮಾತ್ರ ಯಾವಾಗ್ಲೂ ಅಡಿಗಲ್ಲಿನ ಮೇಲೆ. ಕಬ್ಬಿಣ ಇಟ್ಟು ಬಡಿಯೋದು ಅದರ ಮೇಲೇ ಅಲ್ವಾ, ಒಂದು ದಿನ ಅದರ ಮುಂದೆ ನಾನು ಕೂರಬೇಕು ಅನ್ನೋ ಆಸೆ ಅವಳಿಗೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತಂತೆ. ಮಾಡಿದ ಸಾಮಾನನ್ನ ತಗೊಳ್ಳೋರು ಒಲ್ಲೆ ಅಂದ್ರೆ ಮುಗೀತು, ಯಾಕೆ ಏನು ಅಂತ ವಾದ ಮಾಡೋ ಹಾಗಿಲ್ಲ, ಮಾಡಿದೋರೇ ಕೈಯಾರೆ ಅದನ್ನ ಬೆಂಕಿಗೆ ಹಾಕಬೇಕು.

ಹೀಗಿರುವಾಗ ಮೌನಾಚಾರಿಗೆ ಭುಜ ಸೋತುಹೋಯ್ತಂತೆ. ಅಡಿಗಲ್ಲು ಇನ್ನು ಯಾರಿಗೆ ಕೊಡಲಿ ಅಂತ ಯೋಚನೆ ಮಾಡ್ತಾ ಕೂತಿರುವಾಗ ಕುರಿ ಮೇಯಿಸೋ ಬೀರವ್ವ ಬಂದ್ಲಂತೆ. ಬಿಸಿಲಿರಲಿ ಚಳಿಯಿರಲಿ, ಬಲಭುಜದ ಮೇಲೆ ಕರಿಕಂಬಳಿ ಹೊದ್ದೇ ಇರೋ ಮುದುಕಿ. ಬಂದವಳೇ, ಆಚಾರಿ, ನನಗೆ ಮಚ್ಚು ಬೇಡ, ಕುಡುಗೋಲು ಬೇಡ, ಒಂದು ಪುಟ್ಟ ಮಡಚು ಚೂರಿ ಬೇಕು ಅಂದ್ಲಂತೆ. ಹೋದ ಬೇಸಿಗೇಲಿ ಮುಳ್ಳುಬಳ್ಳಿ ಕುತ್ತಿಗೆಗೆ ಸುತ್ಕೊಂಡು ನನ್ನ ಮರಿ ಕಣ್ಣೆದುರೇ ಸತ್ತುಹೋಯ್ತು, ಭಾರದ ಚೂರಿ ಅಂತ ಗುಡಿಸಲಲ್ಲೇ ಬಿಟ್ಟುಹೋಗಿದ್ದೆ. ಅದಕ್ಕೇ ಸೊಂಟದ ಸಂಚಿಯಲ್ಲಿ ಇರೋದೇ ಮರೆತುಹೋಗೋ ಅಷ್ಟು ಹಗುರ ಇರಬೇಕು. ಬಿಚ್ಚಿದ್ರೆ ಬಿಚ್ಚಿದ ಹಾಗೇ ನಿಲ್ಲಬೇಕು. ಕುರಿ ಹಿಡ್ಕೊಂಡಿರುವಾಗ ಒಂದೇ ಕೈಗೆ ತೆರ್ಕೋಬೇಕು. ಈ ಮೂರೂ ಇಲ್ಲದ್ದು ನನಗೆ ಬೇಡ ಅಂದ್ಲಂತೆ.

ಮೌನಾಚಾರಿಗೆ ತಟ್ಟನೆ ಹೊಳೀತಂತೆ. ಯಾರ ಚೂರಿ ಈ ಬೀರವ್ವನ ಸೊಂಟ ಸೇರುತ್ತೋ ಅವರಿಗೇ ನನ್ನ ಅಡಿಗಲ್ಲು ಅಂದನಂತೆ. ಕಾಳವ್ವ ತಿದಿ ಬಿಟ್ಟು ಎದ್ದು ನಿಂತು, ಅಪ್ಪಾ ನಾನೂ ಮಾಡ್ತೀನಿ ಅಂದ್ಲಂತೆ. ವೀರಾಚಾರಿ ನಕ್ಕು, ನೀನು ಚೂರಿ ಮಾಡೋಕೆ ಕೂತ್ರೆ ತಿದಿ ಒತ್ತೋಕೆ ನಿಮ್ಮತ್ತೆ ಬರ್ತಾಳಾ ಅಂದನಂತೆ. ಅತ್ತೆ ಯಾಕಣ್ಣಾ ಬರಬೇಕು, ನೀನಿಲ್ವಾ ಅಂದ್ಲಂತೆ ಇವಳು. ಅಪ್ಪ ಮೀಸೆಯೊಳಗೇ ನಕ್ಕು, ಆಯ್ತು ಮಾಡು, ಬೀರವ್ವ ಒಲ್ಲೆ ಅಂದ್ರೆ ಮಾತ್ರ ಇನ್ನೊಂದ್ಸಲ ಸುತ್ತಿಗೆ ಮಾತು ಎತ್ತಬಾರದು ಅಂದನಂತೆ. ಕಾಳವ್ವ ಆಯ್ತು ಅಂದ್ಲಂತೆ.

ಮೊದಲು ದೊಡ್ಡವನು ಮಾಡಿದ. ಗೇಣುದ್ದ ಅಲಗು, ಎರಡು ಕಡೆ ಹಿತ್ತಾಳೆ ಹಿಡಿ, ಹಿಡಿ ಮೇಲೆ ನವಿಲು, ನವಿಲಿನ ಮೇಲೆ ಬಳ್ಳಿ. ನೋಡಿದೋರೆಲ್ಲ ಭಲೇ ಅಂದ್ರಂತೆ. ಬೀರವ್ವ ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ್ಲು, ಊಟದ ಹೊತ್ತಿಗೆಲ್ಲ ಸೀರೆ ಗಂಟು ಜಾರಿಸ್ಕೊಂಡು ವಾಪಸ್ ಬಂದ್ಲು. ಮಗಾ, ಇದು ನನ್ನ ಹೊತ್ಕೊಂಡು ಹೋಗೋ ಹಾಗಿದ್ರೆ ಇರಲಿ, ನಾನಂತೂ ಇದನ್ನ ಹೊರೋಕಾಗಲ್ಲ ಅಂದ್ಲಂತೆ. ವೀರಾಚಾರಿ ಕಣ್ಣಲ್ಲಿ ನೀರು ತುಂಬ್ಕೊಂಡು ನವಿಲನ್ನ ಬೆಂಕಿಗೆ ಹಾಕಿದನಂತೆ.

ಆಮೇಲೆ ನಡುವಿನವನು ಮಾಡಿದ. ಅಣ್ಣನ ತಪ್ಪು ನೋಡಿದ್ನಲ್ಲ, ಬೇವಿನೆಲೆಯಷ್ಟು ತೆಳ್ಳಗೆ ಅಲಗು ತೆಗೆದು, ಬಿದಿರಿನ ಹಿಡಿ ಹಾಕಿ, ಒಂದೇ ಮೊಳೆ ಹೊಡೆದ. ಊದಿದ್ರೆ ಹಾರಿಹೋಗೋ ಅಷ್ಟು ಹಗುರ. ಬೀರವ್ವ ಖುಷಿಯಾಗಿ ಹೋದ್ಲು, ಬೆರಳಿಗೆ ಬಟ್ಟೆ ಸುತ್ಕೊಂಡು ಬಂದ್ಲು. ಕೊಂಬೆ ಕುಯ್ಯೋಕೆ ಒತ್ತಿದ್ರೆ ಅಲಗು ಹಿಂದಕ್ಕೆ ಮಡಚಿ ಬೆರಳನ್ನೇ ಕಚ್ಚಿತ್ತಂತೆ. ನಿನ್ನ ಚೂರಿಗೆ ಕೊಂಬೆ ಯಾವುದು ಬೀರವ್ವ ಯಾರು ಅಂತ ಗೊತ್ತಾಗಲ್ಲ ಕಣಪ್ಪಾ ಅಂದ್ಲಂತೆ. ಅದೂ ಬೆಂಕಿಗೆ ಹೋಯ್ತು.

ಕಾಳವ್ವ ಮಾತ್ರ ಆ ಬೆರಳನ್ನೇ ನೋಡ್ತಿದ್ಲಂತೆ. ಗಾಯ ಆಗಿರೋದು ಎಡಗೈಗೆ! ಯಾಕಿರಬಹುದು ಅಂತ ಯಾರನ್ನೂ ಕೇಳಲಿಲ್ಲ. ಮಾರನೇ ದಿನ ಬುತ್ತಿ ಕಟ್ಕೊಂಡು ಬೀರವ್ವನ ಮಂದೆ ಹಿಂದೆ ಹೊರಟೇಬಿಟ್ಲು. ಅಣ್ಣಂದಿರು, ಚೂರಿ ಮಾಡು ಅಂದ್ರೆ ಕುರಿ ಕಾಯೋಕೆ ಹೋದ್ಲು ನೋಡಪ್ಪಾ ಅಂತ ಹಿಂದಿನಿಂದ ಕೂಗಿದ್ರಂತೆ.

ಮುದುಕಿ ತನ್ನ ಹಳೇ ಚೂರಿಯನ್ನ ಯಾವ್ಯಾವುದಕ್ಕೆ ಹಿಡೀತಾಳೆ ಅಂತ ಕಾಳವ್ವ ದಿನವೆಲ್ಲ ನೋಡಿದ್ಲಂತೆ. ಗೊರಸಿನ ಸಂದಿಯ ಕಲ್ಲು ತೆಗೆಯೋಕೆ, ಉಣ್ಣೆಗೆ ಸಿಕ್ಕಿದ ಮುಳ್ಳು ಕತ್ತರಿಸೋಕೆ, ಸೌತೆಕಾಯಿ ಹೆಚ್ಚೋಕೆ. ಇಷ್ಟಕ್ಕೆಲ್ಲ ತೋರುಬೆರಳಿನುದ್ದ ಅಲಗು ಸಾಕೇ ಸಾಕು. ಮೊನೆ ಚೂಪಿದ್ರೆ ಕುರಿ ಒದ್ದಾಡುವಾಗ ಚರ್ಮಕ್ಕೇ ನೆಡುತ್ತೆ, ಅದೂ ಬೇಡ. ಹೊತ್ತು ಏರಿದ ಮೇಲೆ ಹಳ್ಳದಲ್ಲಿ ಬೀರವ್ವ ನೀರು ಕುಡಿಯೋಕೆ ಬಗ್ಗಿದ್ಲು, ಕಂಬಳಿ ಜಾರಿತು. ನೋಡ್ತಾಳೆ, ಬಲಗೈ ಒಣಕಟ್ಟಿಗೆ ಹಾಗಿದೆ, ಮೊಣಕೈ ಮಡಚೋದೇ ಇಲ್ಲ.

ಬೀರವ್ವನ ಮುಖ ಬಿಳಿಚಿತಂತೆ. ಯಾವತ್ತೋ ಟಗರು ಗುಮ್ಮಿ ಮುರಿದದ್ದು ಕಣೇ, ಕುರಿ ಯಜಮಾನರಿಗೆ ಗೊತ್ತಾದ್ರೆ ಒಂಟಿಗೈಯವಳು ಅಂತ ಮಂದೆ ಕಿತ್ಕೋತಾರೆ, ಯಾರಿಗೂ ಹೇಳಬೇಡ ನಮ್ಮವ್ವಾ ಅಂದ್ಲಂತೆ. ಕಾಳವ್ವ ಕಂಬಳಿ ಎತ್ತಿ ಅವಳ ಭುಜಕ್ಕೆ ಹೊದಿಸಿ, ಅದೇ ಕಂಬಳಿ ಮುಟ್ಟಿ ಆಣೆ ಮಾಡಿದ್ಲಂತೆ. ನನ್ನ ಬಾಯಿಂದ ಬಂದ್ರೆ ಕೇಳು ಅಂದ್ಲಂತೆ.

ಆಮೇಲೆ ಕುಲುಮೆಗೆ ಬಂದು ಕೂತ್ಲು ನೋಡು. ಟಗರಿನ ಕೊಂಬು ಸೀಳಿ ಹಿಡಿ ಮಾಡಿದ್ಲು, ಒಳಗೆ ಕಬ್ಬಿಣದ ತಗಡು ಹಾಕಲೇ ಇಲ್ಲ, ಅದಕ್ಕೇ ಹಗುರ. ಹಳೇ ಗರಗಸದ ಚೂರು ತಂದು ಹಿಡಿಯ ಬೆನ್ನಿಗೆ ಪಟ್ಟಿ ಕೂರಿಸಿದ್ಲು, ಅಲಗು ಬಿಚ್ಚಿದ್ರೆ ಆ ಪಟ್ಟಿ ಟಕ್ ಅಂತ ಹಿಡ್ಕೋಬೇಕು, ಒತ್ತಿದ್ರೂ ಹಿಂದಕ್ಕೆ ಬರಬಾರದು. ಅಲಗಿನ ಮೊನೆಯನ್ನ ಕುರಿ ಗೊರಸಿನ ಹಾಗೆ ಬಗ್ಗಿಸಿ ಮೊಂಡು ಮಾಡಿದ್ಲು. ಕೊನೆಗೆ ಅಲಗಿನ ಬುಡದಲ್ಲಿ ಹೆಬ್ಬೆರಳು ತಾಗಿಸಿ ತಳ್ಳೋಕೆ ಜೋಳದ ಕಾಳಿನಷ್ಟು ಒಂದು ಉಬ್ಬು ಇಟ್ಲು. ಎಲ್ಲ ಕಮ್ಮಾರರೂ ಬಲ ಹೆಬ್ಬೆರಳಿಗೆ ಸಿಗೋ ಹಾಗೆ ಇಡ್ತಾರೆ, ಇವಳು ಇನ್ನೊಂದು ಮಗ್ಗುಲಿಗೆ ಇಟ್ಲು.

ಅಪ್ಪ ಕೈಗೆ ತಗೊಂಡು ತೂಗಿ ನೋಡಿದ, ಮುಖ ಅರಳಿತು. ಹೆಬ್ಬೆರಳಲ್ಲಿ ತಡಕಿದ, ತಡಕಿದ, ಏನೂ ಸಿಗಲಿಲ್ಲ. ತಿರುಗಿಸಿ ನೋಡಿದ, ಮುಖ ಬಾಡಿತು. ಅಣ್ಣಂದಿರು ಬಿದ್ದು ಬಿದ್ದು ನಕ್ಕರಂತೆ. ತಿದಿ ಮುಂದೆ ಕೂತು ಕೂತು ಎಡ ಬಲಾನೇ ಮರೆತಿದ್ದಾಳೆ ಅಂತ ಸಿದ್ದಾಚಾರಿ, ಇದನ್ನ ಕನ್ನಡಿಯೊಳಗೆ ನೋಡ್ಕೊಂಡು ಬಿಚ್ಚಬೇಕೇನೋ ಅಂತ ವೀರಾಚಾರಿ. ಅಪ್ಪ ತಗ್ಗಿದ ದನಿಯಲ್ಲಿ, ಹೋಗ್ಲಿ ಬಿಡು ಮಗಳೇ, ಊರವರ ಮುಂದೆ ನಗೆಪಾಟಲಾಗೋದು ಬೇಡ, ಬೆಂಕಿಗೆ ಹಾಕಿಬಿಡು ಅಂದನಂತೆ.

ಒಂದು ಮಾತು ಹೇಳಿದ್ರೆ ಸಾಕಿತ್ತು ಕಂದಾ, ಎಲ್ಲರ ನಗು ನಿಂತುಹೋಗ್ತಿತ್ತು. ಆ ಮಾತು ಗಂಟಲ ತನಕ ಬಂತಂತೆ. ಕಾಳವ್ವ ನುಂಗಿಕೊಂಡ್ಲಂತೆ. ಸುಡೋ ಹಾಗಿದ್ದ ಕಣ್ಣು ಒರೆಸ್ಕೊಂಡು, ಒಲ್ಲೆ ಅನ್ನಬೇಕಾದೋರು ತಗೊಳ್ಳೋರು ಅಪ್ಪಾ, ನೀನಲ್ಲ, ನಮ್ಮ ಮನೆ ಕಟ್ಟಳೆ ಹಾಗೆ ತಾನೇ ಇರೋದು ಅಂದ್ಲಂತೆ. ಅಪ್ಪ ಚೂರಿಯನ್ನ ಅವಳ ಕೈಗೇ ವಾಪಸ್ ಕೊಟ್ಟನಂತೆ.

ಅವತ್ತು ಊರಾಚೆ ಬಯಲಲ್ಲಿ ಉಣ್ಣೆ ಕತ್ತರಿಸೋ ದಿನ. ಕುರಿ ಯಜಮಾನರೆಲ್ಲ ಸೇರಿದ್ದಾರೆ, ಅವರ ದೊಡ್ಡ ಯಜಮಾನ ರೇವಣಗೌಡ ಕಲ್ಲಿನ ಮೇಲೆ ಕೂತಿದ್ದಾನೆ. ಕಾಳವ್ವ ಮುಂದೆ, ಅಪ್ಪ ಅಣ್ಣಂದಿರು ಹಿಂದೆ. ವೀರಾಚಾರಿ ದಾರಿಯುದ್ದಕ್ಕೂ, ಬನ್ನಿ ಬನ್ನಿ, ತಲೆಕೆಳಗಾದ ಚೂರಿ ನೋಡಿ ಅಂತ ಸಾರಿಕೊಂಡೇ ಬಂದ. ಬೀರವ್ವ ಕಂಬಳಿಯೊಳಗಿಂದ ಎಡಗೈ ಚಾಚಿ ಚೂರಿ ಈಸ್ಕೊಂಡ್ಲು, ಹೆಬ್ಬೆರಳಿಗೆ ಉಬ್ಬು ತಾಗಿತು. ಕಾಳವ್ವನ ಮುಖ ನೋಡಿದ್ಲು. ಇಷ್ಟು ಜನದ ಮುಂದೆ ಎಡಗೈಯಲ್ಲೇ ಬಿಚ್ಚಿದ್ರೆ ಬಲಗೈಗೇನಾಯ್ತು ಅಂತ ಕೇಳಲ್ವಾ? ಹಾಗೇ ಸಂಚಿಗೆ ಹಾಕ್ಕೊಂಡ್ಲು. ಸುತ್ತ ನಗು, ಮುದುಕಿ ತನ್ನ ಕುರಿಗಳ ಕಡೆ ತಿರುಗಿ ನಡೆದ್ಲು.

ಅಷ್ಟರಲ್ಲಿ ಗೂಟಕ್ಕೆ ಕಟ್ಟಿದ್ದ ಗಬ್ಬದ ಕುರಿಯೊಂದು ಕತ್ತರಿ ಸದ್ದಿಗೆ ಬೆದರಿ ಗೂಟ ಸುತ್ತಿ ಸುತ್ತಿ ಹಗ್ಗ ಕುತ್ತಿಗೆಗೆ ಬಿಗಿದುಕೊಂಡಿತಂತೆ. ನಾಲಗೆ ಹೊರಗೆ ಬಂತು. ಹತ್ತಿರ ಇದ್ದವಳು ಬೀರವ್ವ ಒಬ್ಬಳೇ. ಕಂಬಳಿ ಹೊದ್ಕೊಂಡು ಕುರಿ ಅದುಮಿ ಹಿಡಿಯೋಕಾಗಲ್ಲ. ಹೊದ್ಕೊಂಡೇ ಇದ್ರೆ ಮಂದೆ ಉಳಿಯುತ್ತೆ, ಕುರಿ ಸಾಯುತ್ತೆ. ಮುದುಕಿ ಕಂಬಳಿ ಕಿತ್ತು ಬಿಸಾಕಿದ್ಲಂತೆ! ಕುರಿಯನ್ನ ಮಂಡಿಯಲ್ಲಿ ಅದುಮಿ, ಎಡಗೈಗೆ ಚೂರಿ ತಗೊಂಡು, ಹೆಬ್ಬೆರಳಲ್ಲಿ ತಳ್ಳಿದ್ಲು. ಟಕ್! ಮೊಂಡು ಮೊನೆಯನ್ನ ಗಂಟಲಿಗೂ ಹಗ್ಗಕ್ಕೂ ನಡುವೆ ತೂರಿಸಿ ಎತ್ತಿ ಎಳೆದ್ಲು. ಹಗ್ಗ ತುಂಡಾಗಿ ಬಿತ್ತು, ಕುರಿಗೆ ಒಂದು ಗೀರೂ ಇಲ್ಲ, ಅಲಗು ಮಡಚಿ ಬೆರಳು ಕಚ್ಚಲೂ ಇಲ್ಲ. ಕುರಿ ಎದ್ದು ಮೈ ಕೊಡವಿತಂತೆ.

ಬಯಲಿನವರೆಲ್ಲ ಅವಳ ಬಲಗೈಯನ್ನೇ ನೋಡಿದ್ರು. ಬೀರವ್ವ ಒಣಗಿದ ಕೈ ಮುಚ್ಚಿಕೊಳ್ಳಲಿಲ್ಲ. ಹೌದ್ರಪ್ಪಾ, ನನಗಿರೋದು ಒಂದೇ ಕೈ, ಈ ಹುಡುಗಿಗೆ ಅದು ಗೊತ್ತಿತ್ತು, ಇಷ್ಟು ನಗೆ ತಿಂದ್ಲೇ ಹೊರತು ಬಾಯಿ ಬಿಡಲಿಲ್ಲ ಅಂದ್ಲಂತೆ. ರೇವಣಗೌಡ ಎದ್ದು ಬಂದು, ಇಷ್ಟು ವರ್ಷ ಒಂದೇ ಕೈಯಲ್ಲಿ ನನ್ನ ಮಂದೆ ಕಾದ್ಯಾ ತಾಯಿ, ಹಂಗಾದ್ರೆ ಎರಡೆರಡು ಕೈ ಇರೋ ಈ ನನ್ನ ಮಕ್ಕಳಿಗೆ ಯಾಕೆ ಮುದ್ದೆ ಹಾಕ್ತಿದ್ದೀನಿ ನಾನು ಅಂದನಂತೆ. ಎಲ್ಲರೂ ಗೊಳ್ ಅಂತ ನಕ್ಕರಂತೆ.

ಮೌನಾಚಾರಿ ಆ ಚೂರಿ ಈಸ್ಕೊಂಡು ಎಡಗೈಯಲ್ಲಿ ಬಿಚ್ಚಿದ, ಟಕ್. ಮುಚ್ಚಿದ, ಬಿಚ್ಚಿದ, ಟಕ್. ಅವನ ದನಿ ಗುಡ್ಡಕ್ಕೆ ಬಡಿದು ವಾಪಸ್ ಬರೋ ಹಾಗೆ, ಇದು ನನ್ನ ಮಗಳು ಮಾಡಿದ್ದು ಕಣ್ರೋ, ನನ್ನ ಕಾಳವ್ವ ಮಾಡಿದ್ದು ಅಂತ ಕೂಗಿದನಂತೆ. ಮೊದಲು ಭಲೇ ಅಂದವನು ವೀರಾಚಾರಿನೇ ಅಂತೆ. ತಂಗಿ, ತಪ್ಪಾಯ್ತಮ್ಮಾ, ತಿದಿ ನಾನು ಒತ್ತಲಾ ಅಂದನಂತೆ.

ಇಲ್ಲಿಗೆ ನನ್ನ ಮಾತು ದಡ ಮುಟ್ತು ಕಂದಾ. ಯಾರ್ಯಾರು ಏನಾದ್ರು ಅಂತ ಹೇಳಿಬಿಡ್ತೀನಿ, ಆಮೇಲೆ ಮಲಗು. ವೀರಾಚಾರಿ ಹಿತ್ತಾಳೆ ಕೆಲಸಕ್ಕೆ ಹೆಸರಾಗಿ ಸುತ್ತಲಿನ ಗುಡಿ ಬಾಗಿಲಿಗೆಲ್ಲ ನವಿಲು ಕೂರಿಸಿದನಂತೆ. ಸಿದ್ದಾಚಾರಿಯ ತೆಳ್ಳನೆ ಅಲಗು ಕ್ಷೌರದವರಿಗೆ ಹಿಡಿಸಿ, ಅವನ ಕತ್ತಿ ಮುಟ್ಟದ ಗಡ್ಡವೇ ಆ ಸೀಮೆಯಲ್ಲಿ ಇರಲಿಲ್ಲವಂತೆ. ರೇವಣಗೌಡ ಆ ಗಬ್ಬದ ಕುರಿಯನ್ನ ಬೀರವ್ವನಿಗೇ ಕೊಟ್ಟ, ಅದು ಅವಳಿ ಮರಿ ಹಾಕಿತು, ಬೀರವ್ವ ತನ್ನದೇ ಮಂದೆ ಕಟ್ಟಿದ್ಲು, ಸೆಕೆಯಾದ್ರೆ ಕಂಬಳಿ ಮರದ ಕೊಂಬೆಗೆ ನೇತುಹಾಕಿ ಆರಾಮಾಗಿ ಕೂರ್ತಿದ್ಲಂತೆ. ಮೌನಾಚಾರಿ ಕುಲುಮೆ ಬಾಗಿಲಲ್ಲಿ ಕೂತು ಹೋಗೋರು ಬರೋರಿಗೆಲ್ಲ ಮಗಳ ಚೂರಿ ತೋರಿಸಿ ತೋರಿಸಿ, ನೋಡಿದೋರೇ ಇನ್ನೊಂದು ದಾರಿ ಹಿಡಿಯೋ ಹಾಗೆ ಮಾಡಿದನಂತೆ. ಇನ್ನು ಕಾಳವ್ವ, ಅವಳು ಅಡಿಗಲ್ಲಿನ ಮುಂದೆ ಕೂತ್ಲು, ಮದುವೆಯಾದ್ಲು, ಮೂರು ಹೆತ್ಲು, ತಲೆ ನರೆಯೋ ತನಕ ಸುತ್ತಿಗೆ ಕೆಳಗಿಡಲಿಲ್ಲ. ಅವಳ ಕೈಯ ಒಂದು ಚೂರಿಯೂ ಮತ್ತೆ ಬೆಂಕಿ ಕಾಣಲಿಲ್ಲವಂತೆ.